ಡಾಕ್ಟರು ನೋಡುವ ತನಕ ಮರಿ ಬುಟ್ಟಿಯಲ್ಲೇ ಇರಲಿ

ಲೇ ಪುಟ್ಟಿ,

ನಾಯಿ ಡಾಕ್ಟರನ್ನು ಕರೆತರಲು ಹೊರಟೆ. ಅಷ್ಟರಲ್ಲಿ ಮರಿ ಮಾರುವವನು ಬಂದರೆ ಕೂರಿಸು, ಆದರೆ ಸಹಿ ಹಾಕಬೇಡ. ಅವನ ಗ್ಯಾರಂಟಿ ಪತ್ರವನ್ನು ನಿನ್ನ ಈ ಅಣ್ಣ ಸಾವಿರ ಸಲ ಓದಿದ್ದಾನೆ. ಇಷ್ಟು ಓದಿದ ವಕೀಲ ಭೂಮಿಯ ಮೇಲಿಲ್ಲ. ಮರಿಗೆ ಹೃದಯದ ಕಾಯಿಲೆ ಕಂಡರೆ ಚಿಕಿತ್ಸೆ ಅವನ ಹೊಣೆಯಲ್ಲ. ಅದನ್ನು ವಾಪಸ್ ಕೊಟ್ಟು ಬೇರೆ ಮರಿ ಒಯ್ಯಬೇಕಂತೆ.

"ವಾಪಸ್ ಬಂದಿದ್ದನ್ನ ಏನ್ ಮಾಡ್ತೀಯಪ್ಪಾ?" ಅಂದೆ.

"ಅದೆಲ್ಲ ನಿಮಗ್ಯಾಕೆ ಸಾರ್?" ಅಂದ.

ಹುಲಿಯನ್ನೂ ನಡುಗಿಸುವ ನಾನು ಅಲ್ಲೇ ನಡುಗಿಬಿಟ್ಟೆ. ನಿನ್ನೆ ಆ ಅಂಗೈಯಗಲದ ಮರಿ ಸುಮ್ಮನೆ ಕೂತಲ್ಲೇ ಏದುಸಿರು ಬಿಡುತ್ತಿತ್ತು ಕಣೇ.

ಡಾಕ್ಟರು ಎದೆಬಡಿತ ಕೇಳುವ ತನಕ ಅಮ್ಮನ ಮಡಿಲಿಗೆ ಕೊಡಬೇಡ. ಒಮ್ಮೆ ಅಲ್ಲಿ ನಿದ್ದೆ ಹೋಯಿತೆಂದರೆ, ಅದನ್ನು ವಾಪಸ್ ಕೊಡುವ ಗಂಡು ಈ ಮನೆಯಲ್ಲಿ ಹುಟ್ಟಿಲ್ಲ, ನನ್ನನ್ನೂ ಸೇರಿಸಿ.