ತಹಸೀನಳಿಗೆ ತಾಗದಿರಲಿ ಈ ಧೂಳು

ನವೆಂಬರ್ 12
ಬಿಳಿಕೆರೆಯ ಅಡುಗೆಮನೆ ಕಟ್ಟೆ ಮುಗಿಯಿತು. ಕಪ್ಪು ಗ್ರಾನೈಟ್, ಹಾಳಾದ್ದು ಏನು ಗಟ್ಟಿ! ಎರಡು ಬ್ಲೇಡ್ ತಿಂದುಹಾಕಿತು. ನೀರು ಬಿಟ್ಟುಕೊಂಡು ಕೊಯ್ದರೂ ಮೂಗು, ಕಿವಿ, ರೆಪ್ಪೆಯೆಲ್ಲ ಧೂಳು.

ಬಾಣಂತನಕ್ಕೆ ಬಂದಿರುವ ಮಗಳು ನಿಶತ್ ಇವತ್ತೂ ಅಳುತ್ತಿದ್ದಳು. ಕೂಸು ತಹಸೀನ್ ಹಾಲು ಕುಡಿಯುವಾಗ ಏದುಸಿರು ಬಿಡುತ್ತಾಳಂತೆ. ಜೊತೆಗೆ ಕೆಮ್ಮು. ಹುಟ್ಟಿದ ದಿನ ನನ್ನ ಒರಟು ಕೈಗೆ ಬೇಡವೆಂದು ನಾನೇ ಎತ್ತಿಕೊಳ್ಳಲಿಲ್ಲ. ಆದರೆ ಬಟ್ಟೆಯ ಧೂಳು ಮನೆಯೆಲ್ಲ ಹಾರುತ್ತದಲ್ಲ... ಅದೇ ಇರಬೇಕು.

ನವೆಂಬರ್ 13
ಜೊತೆಯಲ್ಲಿ ಕೆಲಸ ಮಾಡುವ ಸಣ್ಣಬೀರಯ್ಯನಿಗೆ ಹೇಳಿಕೊಂಡೆ. ಅವನ ಅಣ್ಣ ಕ್ವಾರಿಯಲ್ಲಿ ದುಡಿದು ಎದೆ ಕೆಟ್ಟು ಹೋದವನು.

"ಗಾಜಿನ ಪುಡಿ ಇದ್ದಂಗೆ ಕಣಣ್ಣ ಅದು. ಒಳಕ್ಕೋದ್ರೆ ಈಚೆಗೆ ಬರಾಕಿಲ್ಲ. ಮಗೀನ ತಾವ ಓಗ್ಬ್ಯಾಡ" ಎಂದ.

ಸರಿ. ಇವತ್ತಿನಿಂದ ಕಲ್ಲು ಕೊಯ್ಯುವ ಅಂಗಡಿಯಲ್ಲೇ ಮಲಗುವುದು. ಹಗಲೆಲ್ಲ ಬಿಸಿಲಿಗೆ ಕಾದ ಚಪ್ಪಡಿ, ಕತ್ತಲಾದರೂ ಬೆಚ್ಚಗಿದೆ. ಚಾಪೆ ಹಾಸಿದರೆ ಸಾಕು.

ಡಿಸೆಂಬರ್ 3
ಊಟಕ್ಕೆ ಹೋದಾಗ ಬಾಗಿಲಲ್ಲೇ ನಿಂತು ಕೂಸನ್ನು ನೋಡಿದೆ. ನನ್ನನ್ನು ಕಂಡರೆ ನಗುತ್ತಾಳೆ, ಕಳ್ಳಿ. ಎತ್ತಿಕೊಳ್ಳಲು ಜೀವ ಬಡಿದುಕೊಳ್ಳುತ್ತದೆ. ಹೆಣ್ಣೆಂದು ಮುಖ ತಿರುಗಿಸಿದ್ದೀರಾ ಎಂದು ಹೆಂಡತಿ ಫಾತಿಮುನ್ನೀಸಾ ರೇಗಿದಳು. ಏನಾದರೂ ಅಂದುಕೊಳ್ಳಲಿ. ಕೆಮ್ಮು ಸ್ವಲ್ಪ ಕಡಿಮೆಯಂತೆ. ನೋಡಿದೆಯಾ, ಧೂಳೇ!

ಜನವರಿ 19, ಮೈಸೂರು
ಬೆಳಿಗ್ಗೆ ಕೂಸಿನ ತುಟಿ ನೀಲಿಯಾಯಿತು. ಆಸ್ಪತ್ರೆಗೆ ಓಡಿಬಂದೆವು. ಸ್ಕ್ಯಾನ್ ಮಾಡಿದರು. ಹೃದಯದಲ್ಲಿ ತೂತು. ಹುಟ್ಟಿನಿಂದಲೇ ಇತ್ತಂತೆ.

ನನ್ನ ಕಲ್ಲಿನ ಧೂಳಿನಿಂದ ಆಯಿತಾ ಎಂದು ಕೇಳಿಯೇಬಿಟ್ಟೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು ಡಾಕ್ಟರಮ್ಮ. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಸುಮ್ಮಸುಮ್ಮನೆ ದೂರ ನಿಂತೆನಲ್ಲ, ಮಂಕುಮುಂಡೇದು ನಾನು! ಕಲ್ಲಾದರೆ ನೀರೆರಚಿ ಒರೆಸಿದರೆ ಸಾಕು. ಮೇಲೆಲ್ಲ ಒಣಗಿದರೂ ಬಿರುಕು ಇರುವ ಕಡೆ ಒದ್ದೆ ಉಳಿದು ಗೊತ್ತಾಗುತ್ತದೆ. ಕೂಸಿನ ಎದೆಯೊಳಗಿನದು ನನಗೆ ಹೇಗೆ ಗೊತ್ತಾಗಬೇಕು?

ಐಸಿಯುವಿನಲ್ಲಿ ಮಲಗಿಸಿದ್ದಾರೆ. ಮುಟ್ಟಲು ಬಿಡುವುದಿಲ್ಲ. ಆಪರೇಷನ್ ಆಗಲಿ, ಮೊದಲು ನಾನೇ ಎತ್ತಿಕೊಳ್ಳುತ್ತೇನೆ.

ಜನವರಿ 27
ಆಪರೇಷನ್‌ವರೆಗೂ ಉಳಿಯಲಿಲ್ಲ.

ಜನವರಿ 28, ಹುಣಸೂರು
ಎಳೆಗೂಸನ್ನು ತೋಳಿನಲ್ಲೇ ಖಬರಸ್ತಾನಕ್ಕೆ ಒಯ್ಯುವುದು ನಮ್ಮಲ್ಲಿ. ಅಪ್ಪನಾದ ಮುಸವೀರ್ ಎತ್ತಿಕೊಳ್ಳಬೇಕಿತ್ತು. ನಿಶತ್ ಬಿಡಲಿಲ್ಲ. ಬಿಳಿಬಟ್ಟೆ ಸುತ್ತಿದ ಕೂಸನ್ನು ತಂದು ನನ್ನ ಕೈಯಲ್ಲಿಟ್ಟಳು.

"ಈಗಾದ್ರೂ ಎತ್ಕೊಳಿ ಅಬ್ಬಾ."

ಎತ್ತಿಕೊಂಡೆ. ತೂಕವೇ ಇಲ್ಲ. ದಿನಾ ಚಪ್ಪಡಿ ಹೊರುವ ತೋಳಿಗೆ ಗೊತ್ತೇ ಆಗಲಿಲ್ಲ. ದಾರಿಯುದ್ದಕ್ಕೂ ಯಾರು ಕೇಳಿದರೂ ಕೊಡಲಿಲ್ಲ. ಮುಸವೀರ್ ಗುಂಡಿಗಿಳಿದು ಕೈ ಚಾಚಿದ. ಕೊಡಿ ಮಾವ, ಎಂದ. ಮತ್ತೆ ಎಂದ. ಕೊಡಬೇಕೆಂದು ಗೊತ್ತು. ಆದರೆ ಈಗ ತಾನೆ ಎತ್ತಿಕೊಂಡಿದ್ದೇನೆ, ಇಷ್ಟು ಬೇಗ ಹೇಗೆ—