ತಳ್ಳುವವರು ಬೇಡದ ಜೀಪು

ಉಬ್ರಾಣಿ, ಚನ್ನಗಿರಿ ತಾಲ್ಲೂಕು
೯ ಡಿಸೆಂಬರ್ ೨೦೨೪

ಪ್ರೀತಿಯ ತಮ್ಮ ತಿಪ್ಪೇರುದ್ರಸ್ವಾಮಿಗೆ,

ನಿನ್ನ ಅಕ್ಕನ ಆಶೀರ್ವಾದ. ಕಾಂಡ್ಲಾ ಬಂದರಿನ ಉಪ್ಪುಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆಯಂತೆ. ಹಿಪ್ಪಲಿ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕು, ಟ್ರೇಲರ್ ಓಡಿಸುವಾಗ ಕಿಟಕಿ ಏರಿಸಿಕೊ. ಕಲ್ಪನಾಳ ಸೊಂಟ ನೋವು ಹೇಗಿದೆ? ತುಂಬಿದ ಬಿಂದಿಗೆ ಎತ್ತಲು ಅವಳಿಗೆ ಬಿಡಬೇಡ, ನೀನೇ ಎತ್ತು, ಹೆಂಡತಿಗೆ ನೀರು ತಂದುಕೊಟ್ಟು ತೋಳು ಸವೆದವರನ್ನು ನಾನು ನೋಡಿಲ್ಲ. ಇಲ್ಲಿ ನಾನೂ ನಿಮ್ಮ ಭಾವನೂ ಚೆನ್ನಾಗಿದ್ದೇವೆ, ಜೇನುಗಳೂ ಚೆನ್ನಾಗಿವೆ. ಫೋನು ಇರುವಾಗ ಕಾಗದ ಏಕೆ ಅನ್ನುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದವನ್ನು ಬಾಯಿ ಮುಚ್ಚಿಕೊಂಡು ಓದಬೇಕಾಗುತ್ತದೆ.

ಕಳೆದ ಸಲ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಕ್ಕಾ, ದಾರೀಲಿ ನಿಂತ್ರೆ ತಳ್ಳಾಕೆ ಗಂಡಸ್ರು ಬೇಕು. ಒಬ್ಳೇ ಏನ್ ಮಾಡ್ತೀಯ? ನ್ಯಾಮತಿ ವಿನೋದಂಗೆ ಜೀಪು ಮಾರಾಕೆ ಒಪ್ಕಂಡೀನಿ." ಆವತ್ತು ನಾನು ಸುಮ್ಮನಿದ್ದೆ. ಸುಮ್ಮನಿದ್ದವಳು ಒಪ್ಪಿಕೊಂಡಳು ಎಂದು ನಿನಗೆ ಯಾರು ಹೇಳಿದರು? ಜೀಪು ನಿನ್ನದೇ, ಇಲ್ಲ ಅನ್ನುವುದಿಲ್ಲ. ಬಂದರಿನ ಕೆಲಸಕ್ಕೆ ಹೋಗುವಾಗ ನನಗೆ ಬಿಟ್ಟುಹೋದೆ, ಅದಕ್ಕೂ ಮೊದಲು ಕೆರೆಯಂಗಳದಲ್ಲಿ ಗೇರು ಹಾಕುವುದನ್ನು ಕಲಿಸಿದವನೂ ನೀನೇ. ಬಾಡಿಗೆ ಗಾಡಿಯವರು ಜೇನುಪೆಟ್ಟಿಗೆ ಎಂದರೆ ಹತ್ತಿಸಿಕೊಳ್ಳುವುದಿಲ್ಲ. ಈ ಜೀಪು ಇರುವುದರಿಂದಲೇ ನಮ್ಮ ಪೆಟ್ಟಿಗೆಗಳು ಇಲ್ಲಿಂದ ಜಗಳೂರಿನ ಸೂರ್ಯಕಾಂತಿ ಹೊಲಗಳಿಗೆ ಹೋಗುತ್ತವೆ. ಜೀಪು ಹೋದರೆ ಜೇನು ಸಾಕುವುದೂ ಹೋಯಿತು.

ಆದರೆ ಹೂವಿನ ಕಾಲ ಬದಲಾದಾಗ ಮಾತ್ರ ಅದಕ್ಕೆ ಕೆಲಸ. ಉಳಿದಂತೆ ಮನೆಯ ಮುಂದೆ ನಿಂತೇ ಇರುತ್ತದೆ, ಬ್ಯಾಟರಿ ಇಳಿಯುತ್ತದೆ, ನಾನು ಕಟ್ಟೆಯ ಮೇಲೆ ಕೂತವರನ್ನು ತಳ್ಳಲು ಕರೆಯಬೇಕಾಗುತ್ತದೆ. ಅವರಿಗೆಲ್ಲ ಜಯದೇವಪ್ಪನವರು ಮುಂದಾಳು. ಬಂದವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. "ಎಲ್ಲಿಗ್ ಹೊಂಟಿ ಗಾದ್ರಮ್ಮ? ಯಾರ್ ಜತೀಗೆ? ಯಾವಾಗ್ ಬರ್ತಿ?" ಎಲ್ಲಕ್ಕೂ ಉತ್ತರ ಸಿಕ್ಕಿದ ಮೇಲೆಯೇ ಕೈ ಹಚ್ಚುವುದು. ಒಂದು ಸಲ ನಾನು ಹೇಳಿದ ಉತ್ತರ ಅವರಿಗೆ ಹಿಡಿಸಲಿಲ್ಲ. ಇವತ್ತು ಬ್ಯಾಡ ಬಿಡಮ್ಮ ಅಂದರು, ಕಟ್ಟೆಗೆ ವಾಪಸು ಹೋಗಿ ಕೂತರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ತಳ್ಳುವ ಕೈಗೆ ತಡೆಯುವ ಹಕ್ಕೂ ಬಂದುಬಿಡುತ್ತದೆ ಕಣೋ.

ಅವ್ವ ಹೇಳುತ್ತಿದ್ದ ಕಥೆ ನೆನಪಿದೆಯೇ? ಏಳು ಮಂದಿ ಅಣ್ಣಂದಿರು ಒಬ್ಬಳೇ ತಂಗಿಗೆ ಬಿಳಿ ಕುದುರೆ ಕೊಟ್ಟರು. ಊರೆಲ್ಲ ಹೊಗಳಿತು. ಕಡಿವಾಣವನ್ನು ಮಾತ್ರ ತಮ್ಮ ಮನೆಯ ಗೂಟಕ್ಕೇ ನೇತುಹಾಕಿಕೊಂಡರು. ನೀನು ಯಾವಾಗಲೂ ಅಲ್ಲಿಗೇ ನಿದ್ದೆ ಹೋಗುತ್ತಿದ್ದೆ, ಮುಂದಿನದನ್ನು ನಾನು ಕೇಳಿಸಿಕೊಂಡಿದ್ದೇನೆ. ತಂಗಿ ಬೇಲಿಯ ಕತ್ತಾಳೆ ಕೊಯ್ದು, ಬಡಿದು, ನಾರು ಹೊಸೆದು ತನ್ನದೇ ಕಡಿವಾಣ ಮಾಡಿಕೊಂಡಳು. ಹಾಗೆ ನಾನು ಕತ್ತಾಳೆ ಹುಡುಕುತ್ತ ಹೊನ್ನಾಳಿಗೆ ಹೋದೆ.

ಅಲ್ಲಿ ಮುಬೀನ್ ಎನ್ನುವವನ ಬ್ಯಾಟರಿ ಅಂಗಡಿ ಇದೆ. ಹೊಸ ಬ್ಯಾಟರಿ ಹಾಕಿದರೂ ತಿಂಗಳುಗಟ್ಟಲೆ ನಿಲ್ಲಿಸಿದರೆ ಇಳಿದೇ ಇಳಿಯುತ್ತದೆ ಎಂದು ಅವನೇ ಹೇಳಿ, ಜಂಪ್ ಸ್ಟಾರ್ಟರ್ ಎನ್ನುವ ಡಬ್ಬಿ ತೋರಿಸಿದ. ಮನೆಯಲ್ಲಿ ಚಾರ್ಜು ಮಾಡಿಟ್ಟುಕೊಂಡು, ಬ್ಯಾಟರಿ ಸತ್ತಾಗ ವೈರು ಕಚ್ಚಿಸಿದರೆ ಗಾಡಿ ಎಬ್ಬಿಸುತ್ತದಂತೆ. ಮೊದಲು ತೆಗೆದದ್ದು ಅಂಗೈಯಗಲದ್ದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲೇ ಟಾರ್ಚು, ಅದರಲ್ಲೇ ಫೋನಿಗೆ ಚಾರ್ಜು, ಪೆಟ್ಟಿಗೆಯ ಮೇಲೆ ದೊಡ್ಡ ದೊಡ್ಡ ಅಂಕಿ. ನಮ್ಮದು ಡೀಸೆಲ್ ಜೀಪು, ಎಬ್ಬಿಸುತ್ತದೆಯೇ ಅಂದೆ. "ಬರ್ದೈತಲ್ಲಕ್ಕ" ಅಂದ. ಹೋರಿ ಕೊಳ್ಳುವವರು ಕೊಂಬಿನ ಬಣ್ಣ ನೋಡಿ ಕೊಳ್ಳುತ್ತಾರೆಯೇ? ನೊಗ ಹೂಡಿ ಎಳೆಸಿ ನೋಡುತ್ತಾರೆ. ನಾನು ಬೇಕೆಂದೇ ಜೀಪಿನ ದೀಪ ಹಾಕಿಟ್ಟು, ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಚಹಾ ಕುಡಿದು, ಬ್ಯಾಟರಿ ಪೂರ್ತಿ ಇಳಿದ ಮೇಲೆ ಬಂದೆ. ಈಗ ಎಬ್ಬಿಸಪ್ಪ ಅಂದೆ. ಹೊಳೆಯುವ ಡಬ್ಬಿ ಟಿಕ್ ಟಿಕ್ ಎಂದು ಹಲ್ಲು ಕಡಿದು ಸುಮ್ಮನಾಯಿತು. ಸಣ್ಣ ಪೆಟ್ರೋಲ್ ಕಾರಿಗೆ ಅದು ಸಾಕಾಗುತ್ತದೆಯೋ ಏನೋ. ನಮ್ಮ ಡೀಸೆಲ್ ಎಂಜಿನ್ನು ಮಡುವಿನಲ್ಲಿ ಮಲಗಿದ ಎಮ್ಮೆ, ಗದರಿಸಿದರೆ ಏಳುವುದಿಲ್ಲ.

ಆಮೇಲೆ ಒಳಗಿನಿಂದ ಇಟ್ಟಿಗೆಯಷ್ಟು ಭಾರದ ಒಂದನ್ನು ತಂದ. ನೋಡಲು ಕುರೂಪಿ. ವೈರು ಗಿಡ್ಡ, ಆದರೆ ಹೆಬ್ಬೆರಳಿನ ದಪ್ಪ. ವೈರಿನ ತುದಿಯ ಚಿಮಟಕ್ಕೆ ತಾಮ್ರದ ಹಲ್ಲು. ಒಂದೇ ಸಲಕ್ಕೆ ಜೀಪು ಎದ್ದು ಅವನ ಅಂಗಡಿಯ ತುಂಬ ಹೊಗೆ ಬಿಟ್ಟಿತು. "ಇದ್ನೇ ತಗಂಡ್ ಹೋಗ್ರಕ್ಕ, ಮೊದ್ಲು ನನ್ ಅಂಗ್ಡಿ ಬಿಡ್ರಿ" ಎಂದು ಕೆಮ್ಮುತ್ತ ನಕ್ಕ. ಕೆಂಪು ಚಿಮಟ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಅದಲು ಬದಲಾದರೆ ಡಬ್ಬಿಯೇ ಕಿರುಚಿ ಹೇಳುತ್ತದೆ. ಕೀಲಿಯನ್ನು ಒಂದೆರಡು ಉಸಿರಿನಷ್ಟು ಮಾತ್ರ ತಿರುಗಿಸಿ ಬಿಡಬೇಕು, ಏಳದಿದ್ದರೆ ಸ್ವಲ್ಪ ತಡೆದು ಮತ್ತೆ. ಎದ್ದ ಮೇಲೆ ಮೊದಲು ಕಪ್ಪನ್ನು ಕೀಳಬೇಕು. ಡಬ್ಬಿಯನ್ನು ಜೀಪಿನೊಳಗೆ ಬಿಸಿಲಿಗೆ ಬಿಡಬಾರದು. ನೀನು ಕಲಿಸಿದ ಗೇರಿನ ಹಾಗೆ ಇದನ್ನೂ ಬಾಯಿಪಾಠ ಮಾಡಿಕೊಂಡೆ.

ಈಗ ಕೇಳು, ದಾರಿಯಲ್ಲಿ ನಿಂತೇ ನಿಂತಿತು. ಹೋದ ವಾರ ಪೆಟ್ಟಿಗೆಗಳಿಗೆ ಜಾಲರಿ ಬಿಗಿದು ಹೊತ್ತು ಮೂಡುವ ಮೊದಲೇ ಹೊರಟೆ, ಮನೆಯ ಮುಂದೆ ಬರೀ ಕೀಲಿಗೇ ಎದ್ದಿತ್ತು. ನಿಮ್ಮ ಭಾವ ಹೊಲದಲ್ಲಿ ಜಾಗ ಹಸನು ಮಾಡಲು ಮುಂಚೆಯೇ ಜಗಳೂರಿಗೆ ಹೋಗಿದ್ದರು. ಹೊಲಕ್ಕೆ ಇಳಿಯುವ ಒಣ ಹಳ್ಳದಲ್ಲಿ ಹಗ್ಗ ಸಡಿಲಾಯಿತು. ಜೀಪು ನಿಲ್ಲಿಸಿ ಹಗ್ಗ ಬಿಗಿದೆ, ದೀಪ ಆರಿಸಲು ಮರೆತೆ. ಒಂದೊಂದೇ ಪೆಟ್ಟಿಗೆ ಸರಿಸಿ ಕಟ್ಟಿ ಮುಗಿಸುವಷ್ಟರಲ್ಲಿ ಬ್ಯಾಟರಿ ಇಳಿದುಹೋಗಿತ್ತು. ಮರಳಿನಲ್ಲಿ ಜೀಪು, ಜೀಪಿನಲ್ಲಿ ಜೇನು, ಮೇಲೆ ಏರುತ್ತಿರುವ ಬಿಸಿಲು. ಮುಚ್ಚಿದ ಪೆಟ್ಟಿಗೆ ಕಾದರೆ ಒಳಗಿನ ಮೇಣ ಕರಗಿ ಜೇನುಗಳು ಅದರಲ್ಲೇ ಸಾಯುತ್ತವೆ. ನೀನು ಬೇಕೆಂದ ಗಂಡಸರು ಅಲ್ಲಿ ಇದ್ದರಪ್ಪ. ದಿಬ್ಬದ ಮೇಲೆ ಕುರಿ ಬಿಟ್ಟುಕೊಂಡಿದ್ದವರು ತೋಳೇರಿಸಿಕೊಂಡೇ ಬಂದರು. ಗುಂಯ್ ಎನ್ನುವ ಸದ್ದು ಕೇಳಿದ್ದೇ ಮಾರು ದೂರ ನಿಂತರು. "ಯಕ್ಕಾ, ಹೆಣ ಇದ್ರೂ ತಳ್ತಿದ್ವಿ, ಜೇನಿಗ್ ಮಾತ್ರ ಬರಾಂಗಿಲ್ಲ" ಅಂದ ಒಬ್ಬ.

ಡಬ್ಬಿ ತೆಗೆದು ಕಚ್ಚಿಸಿದೆ. ಡಬ್ಬಿಯ ದೀಪ ಹತ್ತಿತು, ಜೀಪು ಟಿಕ್ ಅಂದಿತು, ಅಷ್ಟೇ. ಮತ್ತೆ ಟಿಕ್. ಚಿಮಟ ಬಿಚ್ಚಿ ನೋಡಿದರೆ ಹಲ್ಲಿನ ಸಂದಿಯೆಲ್ಲ ಬೆಳ್ಳಗೆ. ಆಯುಧಪೂಜೆಯಲ್ಲಿ ಇದೂ ಆಯುಧವೇ ಎಂದು ವಿಭೂತಿ ಕಲಸಿ ಭಕ್ತಿಯಿಂದ ಮೂರು ಬೆರಳು ಎಳೆದಿದ್ದೆ, ಕುಂಕುಮವನ್ನೂ ಮೆತ್ತಿದ್ದೆ. ಅದೆಲ್ಲ ಒಣಗಿ ಸುಣ್ಣದ ಗಾರೆಯಾಗಿ ಕೂತಿತ್ತು. ಪೆಟ್ಟಿಗೆಯ ಮೇಣ ಕೆರೆಯುವ ಕಬ್ಬಿಣದ ಪಟ್ಟಿಯಿಂದ ಒಂದೊಂದೇ ಹಲ್ಲು ಕೆರೆದೆ, ಸೆರಗಿನಿಂದ ಒರೆಸಿದೆ, ತಾಮ್ರ ಕೆಂಪಗೆ ಕಂಡ ಮೇಲೆ ಕಚ್ಚಿಸಿದೆ. ಜೀಪು ಗುಡುಗಿ ಎದ್ದಿತು. ಕುರಿಗಳು ಚೆದುರಿದವು, ಕುರಿಯವರು ಅವುಗಳ ಹಿಂದೆ ಓಡಿದರು. ಹೊಲಕ್ಕೆ ಹೋಗಿ ಜಾಲರಿ ತೆಗೆದಾಗ ಜೇನುಗಳು ಸಿಟ್ಟಿನಿಂದ ಹೊರಬಂದು ಮೊದಲು ನಿಮ್ಮ ಭಾವನಿಗೇ ಕಚ್ಚಿದವು. ಬದುಕಿವೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ? ಮುಂದಿನ ವರ್ಷ ವಿಭೂತಿಯನ್ನು ಡಬ್ಬಿಯ ಬೆನ್ನಿಗೆ ಹಚ್ಚುತ್ತೇನೆ. ಹಚ್ಚುವುದನ್ನಂತೂ ಬಿಡುವುದಿಲ್ಲ.

ನಿನ್ನೆ ಉಳಿದ ಪೆಟ್ಟಿಗೆಗಳಿಗೆ ಜಾಗ ನೋಡಿ ಬರಲೆಂದು ಮನೆಯ ಮುಂದೆ ಡಬ್ಬಿ ಹಚ್ಚಿ ನಾನೇ ಜೀಪು ಎಬ್ಬಿಸಿದೆ. ಕಟ್ಟೆಯಿಂದ ಜಯದೇವಪ್ಪನವರು ಎದ್ದು ಬಂದರು, ಎಂದಿನಂತೆ ಬಾನೆಟ್ಟಿನ ಮೇಲೆ ಅಂಗೈ ಊರಿದರು, ಎಲ್ಲಿಗ್ ಹೊಂಟಿ ಅಂದರು. "ಕೈ ತಗೀರಿ ಜಯದೇವಪ್ಪಾರೆ, ಬಿಸಿ ಐತೆ" ಅಂದೆ. ತೆಗೆದರು. ಆಗಷ್ಟೇ ಎದ್ದ ಎಂಜಿನ್ನು ಎಲ್ಲಿ ಬಿಸಿಯಾಗಿರುತ್ತದೆ? ಬಹಳ ಹೊತ್ತು ಅಂಗೈ ನೋಡಿಕೊಳ್ಳುತ್ತ ನಿಂತಿದ್ದು ಕನ್ನಡಿಯಲ್ಲಿ ಕಂಡಿತು.

ನಿಮ್ಮ ಮನೆಯ ದೀಪ ಆರದಿರಲಿ, ನಿನ್ನ ಗಾಡಿಯ ಚಕ್ರಕ್ಕೆ ಮುಳ್ಳು ತಾಗದಿರಲಿ. ನಿಮ್ಮ ಭಾವ ಕೇಳಿದ್ದಾರೆ ಎಂದು ತಿಳಿಸಲು ಹೇಳಿದರು. ಊದಿದ ತುಟಿಯಲ್ಲೇ ಹೇಳಿದರು.

ನಿನ್ನ ಅಕ್ಕ,
ಗಾದ್ರಮ್ಮ

ಮರೆತಿದ್ದೆ: ತಿಂಗಳ ಕೊನೆಗೆ ಜೀಪು ಒಯ್ಯಲು ಬರುತ್ತೇನೆಂದು ವಿನೋದ ಹೇಳಿ ಕಳಿಸಿದ್ದಾನೆ. ಬರಬೇಡ ಎಂದು ನೀನೇ ಹೇಳು. ಬಂದರೂ ನಾನು ಕೀಲಿ ಕೊಡುವುದಿಲ್ಲ, ಆಮೇಲೆ ಮಾತು ಹೋದದ್ದು ನಿನ್ನದು. ಜೀಪಿನ ಆರ್‌ಸಿ ನಿನ್ನ ಹೆಸರಿನಲ್ಲಿ, ನಿನ್ನ ಹತ್ತಿರವೇ ಇದೆ. ಅದು ಆ ಅಣ್ಣಂದಿರ ಗೂಟದ ಮೇಲಿನ ಕಡಿವಾಣ, ಇರಲಿ ಬಿಡು. ಸಂಕ್ರಾಂತಿಗೆ ಬಂದಾಗ ಚನ್ನಗಿರಿಯಲ್ಲಿ ಬಸ್ಸು ಇಳಿದು ಅಲ್ಲೇ ನಿಂತಿರು, ಕರೆದುಕೊಂಡು ಬರಲು ನಾನೇ ಬರುತ್ತೇನೆ. ಎಡಗಡೆಯ ಸೀಟಿನಲ್ಲಿ ಕೂರುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಕೊ.