ರುಮಾಲಿನ ಒಳಗಿನ ತಲಿ

ದೇವಿಂದ್ರಾ,

ಅಂಗನವಾಡಿ ಮೀಟಿಂಗಿಗಿ ಕಕ್ಕೇರಾಕ್ಕ ಹೊಂಟೀನಿ. ಬುಟ್ಟ್ಯಾಗ ರೊಟ್ಟಿ, ಪುಂಡಿಪಲ್ಯ ಅದಾವ. ಉಂಡೇ ಕಲಬುರ್ಗಿ ಬಸ್ ಹತ್ತು.

ತಲಿಗಿ ಎಣ್ಣಿ ಹಚ್ಚಬ್ಯಾಡ. ಕೂದಲಾ ನೆಡೂ ದವಾಖಾನಿಗಿ ಹೋಗಿ ಬಂದವರನ್ನ ಕೇಳೀನಿ. ಡಾಕ್ಟರ್ ತಲಿ ಹಿಂದಿನ ಕೂದಲಾ ನೋಡತಾರಂತ, ಫೋಟೋ ತಗೀತಾರಂತ, ಅಲ್ಲಿಂದ ತಗದು ಮುಂದ ನೆಡಾಕ ಬರತದೋ ಇಲ್ಲೋ ಹೇಳತಾರಂತ. ಇವತ್ತೇ ಹೂಂ ಅನಬ್ಯಾಡ, ಮನಿಗಿ ಬಂದು ವಿಚಾರ ಮಾಡು.

ಅಪ್ಪನ ತಲಿ ಹೆಂಗಿತ್ತು ಅಂತ ಕೇಳೇ ಕೇಳತಾರ. ಗ್ವಾಡಿ ಮ್ಯಾಲಿನ ರುಮಾಲಿನ ಫೋಟೋ ನೆನಸಿ ತುಂಬ ಕೂದಲಿದ್ವು ಅಂದಗಿಂದಿ. ಬೋಳಿತ್ತು ಅಂತ ಹೇಳು. ನೀ ಅಂಬೆಗಾಲಿಡೂಮುಂದ ಹೋದ್ರು, ನಿನಗರ ಹೆಂಗ ಗೊತ್ತಾಗಬೇಕು. ಮದಿವ್ಯಾಗ ಸೈತ ರುಮಾಲ ಬಿಚ್ಚಲಿಲ್ಲ. ನನ್ನ ಒಬ್ಬಾಕಿ ಮುಂದ ಬಿಚ್ಚತಿದ್ರು. ಮಣ್ಣಿಗಿ ಒಯ್ಯೂಮುಂದ ಮಂದಿ ನೋಡಬಾರದಂತ ನಾನೇ ಸುತ್ತಿ ಕಳಿಸೀನಿ.

ನೀ ಮನ್ಯಾಗೂ ಟೋಪಿ ತಗಿಯಂಗಿಲ್ಲ, ಮಲಗೂಮುಂದೂ. ಇವತ್ತ ಮುಂಜಾನಿ ಎಬ್ಬಿಸಾಕ ಬಂದಾಗ ಟೋಪಿ ಜಾರಿತ್ತು. ಎಬ್ಬಿಸಲಾರದ ಹಂಗೇ ನಿಂತೆ. ನಿಮ್ಮಪ್ಪನ ತಲಿ ಎಷ್ಟ್ ವರ್ಷಕ್ಕ ಕಂಡಿತು.

ನೆಡಸಿಕೋ, ನಾ ಬ್ಯಾಡ ಅನ್ನಂಗಿಲ್ಲ. ಅದಕ್ಕಿಂತ ಮೊದಲ ಒಂದಿನ ಟೋಪಿ ತಗದು ನನ್ನ ಎದುರಿಗಿ ಉಣ್ಣಾಕ ಕುಂದ್ರು.

ಅವ್ವ